ಹುಲ್ಲಿಗೆ ಶಕ್ತಿ ಕೊಟ್ಟವರು ಯಾರು?

ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದ ಸಂತ ಆಗಸ್ಟೀನನು ಕ್ರಿ.ಶ. 413ರಿಂದ 426ರವರೆಗೆ ಬರೆದ 'ದೇವರ ನಗರ' ಎಂಬ ಬೃಹದ್ಗ್ರಂಥದ ಇಪ್ಪತ್ತೊಂದನೆಯ ಭಾಗದಲ್ಲಿ, ನರಕಾಗ್ನಿಯನ್ನು ಕುರಿತ ಗಂಭೀರವಾದ ಚರ್ಚೆಯ ನಡುವೆ, ಒಣಹುಲ್ಲಿನ ಪ್ರಸ್ತಾಪವೊಂದು ಬರುತ್ತದೆ. ಹಿಮದ ಮೇಲೆ ಮುಚ್ಚಿದರೆ ಹಿಮ ಕರಗದಂತೆ ಕಾಯುವ ತಂಪನ್ನೂ, ಕಾಯಿಗಳ ಮೇಲೆ ಮುಚ್ಚಿದರೆ ಅವುಗಳನ್ನು ಹಣ್ಣು ಮಾಡುವ ಕಾವನ್ನೂ ಒಂದೇ ಹುಲ್ಲಿಗೆ ಕೊಟ್ಟವರು ಯಾರು ಎಂದು ಆಗಸ್ಟೀನ್ ಅಲ್ಲಿ ಕೇಳುತ್ತಾನೆ. ದೇಹವು ಬೆಂಕಿಯಲ್ಲಿ ಬೇಯುತ್ತಲೇ ಬೂದಿಯಾಗದೆ ಉಳಿಯುವುದು ಹೇಗೆ ಸಾಧ್ಯವೆಂದು ಪ್ರಶ್ನಿಸಿದ ಸಂದೇಹವಾದಿಗಳಿಗೆ ಉತ್ತರ ಕೊಡುವುದು ಅವನ ಉದ್ದೇಶವಾಗಿತ್ತು. ಕಣ್ಣೆದುರಿನ ವಸ್ತುಗಳಲ್ಲಿಯೇ ಕಾರಣ ಹೇಳಲಾಗದ ಗುಣಗಳು ಇಷ್ಟೊಂದು ಇರುವಾಗ, ಕಾಣದ ಲೋಕದ ಸಂಗತಿಗೆ ಮಾತ್ರ ಕಾರಣ ಬೇಕೆಂದು ಹಟ ಹಿಡಿಯುವುದು ಸಲ್ಲದು ಎಂಬುದು ಅವನ ವಾದ. ಅದೇ ಪ್ರಕರಣದಲ್ಲಿ ಅವನು ಸುಟ್ಟ ಸುಣ್ಣವನ್ನೂ ಉದಾಹರಿಸುತ್ತಾನೆ. ಮುಟ್ಟಿದರೆ ತಣ್ಣಗಿರುವ ಸುಣ್ಣದ ಹರಳು ತಣ್ಣೀರು ಬಿದ್ದೊಡನೆ ಕುದಿಯತೊಡಗುತ್ತದೆ. ಇಂಥ ಗುಣವು ಭಾರತದೇಶದ ಯಾವುದೋ ಕಲ್ಲಿಗೆ ಇದೆಯೆಂದು ಕೇಳಿದ್ದರೆ ಸುಳ್ಳೆಂದು ತಳ್ಳಿಹಾಕುತ್ತಿದ್ದವರು, ಇಲ್ಲವೇ ಬೆರಗಾಗುತ್ತಿದ್ದವರು, ದಿನವೂ ಕಾಣುವ ಸುಣ್ಣವಾದ ಕಾರಣ ಅದರ ಕಡೆಗೆ ತಿರುಗಿಯೂ ನೋಡುವುದಿಲ್ಲ ಎಂದು ಅವನು ಹೇಳುತ್ತಾನೆ.

ಆಗಸ್ಟೀನನ ದೇವತಾಶಾಸ್ತ್ರವನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ಹುಲ್ಲನ್ನು ಕುರಿತ ಅವನ ಪ್ರಶ್ನೆ ಮಾತ್ರ ಯಾವ ಮತದವರನ್ನೂ ಕಾಡಬೇಕಾದದ್ದು. ಪರಸ್ಪರ ವಿರುದ್ಧವಾದ ಎರಡು ಕಾರ್ಯಗಳು ಒಂದೇ ವಸ್ತುವಿನಿಂದ ಆಗುತ್ತಿದ್ದರೆ, ಆ ವಸ್ತುವಿನಲ್ಲಿ ಎರಡು ವಿರುದ್ಧ ಶಕ್ತಿಗಳಿವೆಯೆಂದು ಹೇಳಬೇಕೆ, ಒಂದೇ ಶಕ್ತಿ ಎರಡು ಬಗೆಯಾಗಿ ತೋರುತ್ತದೆಯೆನ್ನಬೇಕೆ, ಅಥವಾ ಅದರಲ್ಲಿ ಶಕ್ತಿಯೆಂಬುದೇ ಇಲ್ಲವೆನ್ನಬೇಕೆ? ಕನ್ನಡನಾಡಿನ ಮನೆಗಳಲ್ಲಿ ಈ ಪ್ರಶ್ನೆಯ ಎರಡೂ ಮುಖಗಳು ಬಹುಕಾಲದಿಂದ ಬಳಕೆಯಲ್ಲಿವೆ. ಬಲಿತ ಮಾವಿನಕಾಯಿಗಳನ್ನು ಹುಲ್ಲಿನ ಹಾಸಿನ ಮೇಲೆ ಹರಡಿ, ಮೇಲೆ ಮತ್ತೆ ಹುಲ್ಲು ಮುಚ್ಚಿ ಹಣ್ಣಾಗಿಸುವುದಕ್ಕೆ ಅಡೆ ಹಾಕುವುದು ಎಂಬ ಹೆಸರೇ ಇದೆ. ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಗೋಣಿತಾಟು ಹೊದಿಸಿ ಸಾಗಿಸುವುದೂ ಅಷ್ಟೇ ಪರಿಚಿತವಾದದ್ದು. ಚಳಿಗಾಲದ ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಬೆರೆಸಿ, ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ, ಅದನ್ನು ಅಕ್ಕಿಯ ಡಬ್ಬದಲ್ಲಿ ಕುತ್ತಿಗೆಯವರೆಗೆ ಹೂತಿಡುವ ಪದ್ಧತಿಯನ್ನು ಹತ್ತಿರದಿಂದ ಗಮನಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಳಗ್ಗೆ ಮೊಸರು ಗಟ್ಟಿಯಾಗಿರುತ್ತದೆ. ಡಬ್ಬದೊಳಗೆ ಕೈಯಿಟ್ಟರೆ ಪಾತ್ರೆಯ ಮೈಗೆ ಅಂಟಿಕೊಂಡಿದ್ದ ಅಕ್ಕಿ ಕೊಂಚ ಬೆಚ್ಚಗಿದ್ದು, ಒಂದು ಗೇಣು ಆಚೆಯ ಅಕ್ಕಿ ಎಂದಿನಂತೆ ತಣ್ಣಗೇ ಇರುತ್ತದೆ. ಅಕ್ಕಿ ಹಾಲಿಗೆ ಕಾವು ಕೊಟ್ಟಿದ್ದರೆ ಅದು ತಾನು ಮೊದಲು ಬೆಚ್ಚಗಿರಬೇಕಾಗಿತ್ತು, ಹಾಗಿರಲಿಲ್ಲ. ಹಾಗಿದ್ದರೂ ಕಂಬಳಿ ಬೆಚ್ಚಗಿದೆ, ಹುಲ್ಲು ಕಾವು ಕೊಡುತ್ತದೆ ಎಂದು ಲೋಕ ಆಡುವುದನ್ನು ಬಿಟ್ಟಿಲ್ಲ.

ಆಗಸ್ಟೀನನಿಗಿಂತ ಮುನ್ನೂರು ವರ್ಷಗಳಷ್ಟು ಹಿಂದೆ ಗ್ರೀಕ್ ಚಿಂತಕ ಪ್ಲುಟಾರ್ಕನು ತನ್ನ ಭೋಜನಗೋಷ್ಠಿಯ ಸಂವಾದಗಳಲ್ಲಿ, ಹೊಟ್ಟು ಮತ್ತು ಬಟ್ಟೆಗಳನ್ನು ಹೊದಿಸಿದರೆ ಹಿಮ ಉಳಿಯುವುದೇಕೆ ಎಂಬುದನ್ನೇ ಪ್ರತ್ಯೇಕ ಪ್ರಶ್ನೆಯಾಗಿ ಎತ್ತಿಕೊಂಡಿದ್ದನು. ಬಟ್ಟೆ ಮನುಷ್ಯನ ಮೈಯನ್ನು ಬಿಸಿ ಮಾಡುವುದಿಲ್ಲ, ಮೈಯೇ ಬಟ್ಟೆಯನ್ನು ಬಿಸಿ ಮಾಡುತ್ತದೆ, ಬಟ್ಟೆ ಆ ಬಿಸಿ ಚದುರದಂತೆ ಹಿಡಿದಿಡುತ್ತದೆ ಎಂಬ ನಿಲುವು ಅಲ್ಲಿದೆ. ಜರ್ಮನ್ನರು ಚಳಿಯನ್ನು ತಡೆಯಲು, ಇಥಿಯೋಪಿಯದವರು ಬಿಸಿಲನ್ನು ತಡೆಯಲು, ಗ್ರೀಕರು ಎರಡನ್ನೂ ತಡೆಯಲು ಬಟ್ಟೆ ತೊಡುವಾಗ, ಅದನ್ನು ಬಿಸಿಯ ವಸ್ತುವೆಂದು ಕರೆಯುವುದಕ್ಕೆ ಏನು ಆಧಾರ ಎಂಬ ಮಾತು ಇಂದಿಗೂ ಹರಿತವಾಗಿದೆ. ವಸ್ತುವಿನ ಗುಣವನ್ನು ಅದರ ಒಂದು ಬಳಕೆಯಿಂದ ನಿರ್ಣಯಿಸಬಾರದೆಂಬ ತತ್ತ್ವವನ್ನು ಅವನು ಹೀಗೆ ಬಟ್ಟೆಯೊಂದರಿಂದಲೇ ಹೊರತೆಗೆದಿದ್ದಾನೆ.

ಭಾರತೀಯ ದರ್ಶನಗಳಲ್ಲಿ ಈ ವಿಚಾರಕ್ಕೆ ಅತ್ಯಂತ ಹತ್ತಿರ ಬರುವುದು ನ್ಯಾಯ ಮತ್ತು ವೈಶೇಷಿಕಗಳು. ಆ ದರ್ಶನಗಳ ಪ್ರಕಾರ ಸ್ಪರ್ಶವೆಂಬುದು ಚರ್ಮೇಂದ್ರಿಯ ಮಾತ್ರದಿಂದ ಗ್ರಹಿಸಲ್ಪಡುವ ಗುಣ. ಅದು ಶೀತ, ಉಷ್ಣ, ಅನುಷ್ಣಾಶೀತ ಎಂದು ಮೂರು ಬಗೆ. ಶೀತವು ನೀರಿನ ಸಹಜ ಗುಣ, ಉಷ್ಣವು ತೇಜಸ್ಸಿನ, ಅಂದರೆ ಬೆಂಕಿ ಬೆಳಕುಗಳ ಮೂಲದ್ರವ್ಯದ, ಸಹಜ ಗುಣ. ಬಿಸಿಯೂ ಅಲ್ಲದ ತಂಪೂ ಅಲ್ಲದ ಮೂರನೆಯ ಸ್ಪರ್ಶವು ಪೃಥಿವಿಗೂ ವಾಯುವಿಗೂ ಸೇರಿದ್ದು. ಹದಿನೇಳನೆಯ ಶತಮಾನದ ಅನ್ನಂಭಟ್ಟನ 'ತರ್ಕಸಂಗ್ರಹ'ದ ಮೂಲಕ ಇಂದಿಗೂ ಸಂಸ್ಕೃತ ಪಾಠಶಾಲೆಗಳ ಎಳೆಯ ವಿದ್ಯಾರ್ಥಿಗಳು ಇದನ್ನು ಕಲಿಯುತ್ತಾರೆ. ಹಾಗಾದರೆ ಕಾಯಿಸಿದ ನೀರು ಸುಡುವುದೇಕೆ ಎಂಬ ಆಕ್ಷೇಪಕ್ಕೆ ಕಣಾದನ ವೈಶೇಷಿಕ ಸೂತ್ರಗಳಲ್ಲಿ ಸಿಗುವ ಉತ್ತರ ಬಹಳ ಸುಂದರವಾದದ್ದು. ಹೂವನ್ನು ಕಟ್ಟಿಟ್ಟ ಬಟ್ಟೆಯಲ್ಲಿ ಪರಿಮಳ ಬಂದರೂ ಅದು ಬಟ್ಟೆಯದಲ್ಲ, ಹೂವಿನದು. ಅದರಂತೆಯೇ ಬಿಸಿನೀರಿನ ಬಿಸಿ ನೀರಿನದಲ್ಲ, ಅದರೊಳಗೆ ಸೇರಿಕೊಂಡ ತೇಜಸ್ಸಿನದು. ಇಂಥ ಎರವಲು ಗುಣವನ್ನು ಶಾಸ್ತ್ರಕಾರರು ಔಪಾಧಿಕವೆಂದು ಕರೆಯುತ್ತಾರೆ. ಹತ್ತಿರವಿರುವ ಇನ್ನೊಂದು ವಸ್ತುವಿನಿಂದ ಬಂದು ಇದರದೆಂಬಂತೆ ತೋರುವುದು ಎಂದು ಅದರ ಅರ್ಥ. ಕಂಬಳಿ ಬೆಚ್ಚಗಿದೆ ಎಂಬ ಲೋಕದ ಮಾತು ಈ ದೃಷ್ಟಿಯಲ್ಲಿ ಔಪಾಧಿಕ ಗುಣವನ್ನು ಸಹಜವೆಂದು ಬಗೆದ ಮಾತು.

ಹುಲ್ಲು, ಹೊಟ್ಟು, ಉಣ್ಣೆ, ಅಕ್ಕಿ, ಮರ ಇವೆಲ್ಲ ಪಾರ್ಥಿವ ದ್ರವ್ಯಗಳು. ಅವುಗಳ ಸಂದುಗಳಲ್ಲಿ ತುಂಬಿರುವುದು ವಾಯು. ಎರಡಕ್ಕೂ ಶಾಸ್ತ್ರವು ಕೊಟ್ಟಿರುವುದು ಅನುಷ್ಣಾಶೀತ ಸ್ಪರ್ಶವನ್ನೇ. ಅದೇ ಶಾಸ್ತ್ರವು ಚಿನ್ನ ಮೊದಲಾದ ಗಣಿಯ ಲೋಹಗಳನ್ನು ತೇಜಸ್ಸಿನ ವರ್ಗಕ್ಕೆ ಸೇರಿಸಿದೆ. ಬಿಸಿಯನ್ನು ಬೇಗನೆ ಸಾಗಿಸುವ ವಸ್ತುಗಳೂ ಲೋಹಗಳೇ. ಈ ಹೊಂದಾಣಿಕೆ ಕುತೂಹಲ ಹುಟ್ಟಿಸುವಂಥದ್ದೇನೋ ಹೌದು, ಆದರೆ ಇದನ್ನು ಹಿಡಿದು ಪ್ರಾಚೀನರಿಗೆ ಉಷ್ಣವಹನದ ನಿಯಮ ತಿಳಿದಿತ್ತೆಂದು ಹೇಳಹೊರಡುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಚಿನ್ನವನ್ನು ತೈಜಸವೆಂದದ್ದು ಎಷ್ಟು ಕಾಯಿಸಿದರೂ ಅದರ ದ್ರವತ್ವ ನಾಶವಾಗುವುದಿಲ್ಲವೆಂಬ ಬೇರೆಯೇ ಕಾರಣದಿಂದ. ಶಾಸ್ತ್ರದ ನಿಜವಾದ ಹಿರಿಮೆ ಇರುವುದು ಮೂರನೆಯ ಸ್ಪರ್ಶವೊಂದನ್ನು ಗುರುತಿಸಿದ್ದರಲ್ಲಿ. ಬಿಸಿಯಲ್ಲದ್ದೆಲ್ಲ ತಂಪು, ತಂಪಲ್ಲದ್ದೆಲ್ಲ ಬಿಸಿ ಎಂಬ ಅವಸರದ ವಿಭಜನೆಗೆ ಅದು ಒಪ್ಪಲಿಲ್ಲ. ಆಗಸ್ಟೀನನು ಹುಲ್ಲಿಗೆ ತಂಪಿನ ಶಕ್ತಿಯನ್ನೂ ಕಾವಿನ ಶಕ್ತಿಯನ್ನೂ ಒಟ್ಟಿಗೆ ಹೊರಿಸಬೇಕಾಗಿ ಬಂದದ್ದು ಈ ಮೂರನೆಯ ಆಯ್ಕೆ ಅವನ ಮುಂದೆ ಇರಲಿಲ್ಲವಾದ್ದರಿಂದ.

ಇಲ್ಲಿ ಇನ್ನೊಂದು ಪ್ರಶ್ನೆ ತಲೆಯೆತ್ತುತ್ತದೆ. ಕತ್ತಲೆಯೆಂಬುದು ಬೇರೊಂದು ದ್ರವ್ಯವಲ್ಲ, ಬೆಳಕಿನ ಅಭಾವವಷ್ಟೇ ಎಂದು ಭಾಟ್ಟ ಮೀಮಾಂಸಕರ ವಿರುದ್ಧ ಪಟ್ಟು ಹಿಡಿದು ವಾದಿಸಿದ ನೈಯಾಯಿಕರು, ಶೀತವನ್ನು ಮಾತ್ರ ಉಷ್ಣದ ಅಭಾವವೆನ್ನದೆ ಭಾವರೂಪದ ಗುಣವೆಂದು, ಅಂದರೆ ತನ್ನಷ್ಟಕ್ಕೆ ಇರುವ ಗುಣವೆಂದು, ಒಪ್ಪಿದ್ದೇಕೆ? ತಂಪು ಚರ್ಮಕ್ಕೆ ನೇರವಾಗಿ ತಾಗುತ್ತದೆ ಎಂಬುದು ಅವರಿಗೆ ನಿರ್ಣಾಯಕವಾದ ಸಂಗತಿ. ಮಂಜುಗಡ್ಡೆಯನ್ನು ಹಿಡಿದ ಕೈಗೆ ಏನೋ ಇಲ್ಲವೆಂಬ ಅರಿವಲ್ಲ, ಏನೋ ಇದೆಯೆಂಬ ಅರಿವು ಆಗುತ್ತದೆ. ಯುರೋಪಿನಲ್ಲಿಯೂ ಪ್ಲುಟಾರ್ಕನು ಶೀತದ ಮೂಲತತ್ತ್ವವನ್ನು ಕುರಿತು ಪ್ರತ್ಯೇಕ ಪ್ರಬಂಧವನ್ನೇ ಬರೆದು ಅಭಾವಪಕ್ಷವನ್ನು ವಿರೋಧಿಸಿದನು. 1641ರಲ್ಲಿ ತತ್ತ್ವಜ್ಞಾನಿ ಡೇಕಾರ್ಟ್ ತನ್ನ 'ಧ್ಯಾನಗಳು' ಎಂಬ ಗ್ರಂಥದ ಮೂರನೆಯ ಧ್ಯಾನದಲ್ಲಿ, ಶೀತವು ಉಷ್ಣದ ಅಭಾವವೋ ಉಷ್ಣವೇ ಶೀತದ ಅಭಾವವೋ ಎಂಬುದು ತನ್ನ ಮನಸ್ಸಿನ ಭಾವನೆಗಳಿಂದಲೇ ತಿಳಿಯುವಂತಿಲ್ಲವೆಂದು ಒಪ್ಪಿಕೊಂಡನು.

ಭೌತವಿಜ್ಞಾನ ಈ ವಿವಾದವನ್ನು ಅಭಾವಪಕ್ಷದ ಕಡೆಗೆ ತೀರ್ಮಾನಿಸಿದೆ. 1798ರಲ್ಲಿ ರಮ್‌ಫರ್ಡ್ ಎಂಬ ವಿಜ್ಞಾನಿಯು ಮ್ಯೂನಿಕ್ಕಿನ ಶಸ್ತ್ರಾಗಾರದಲ್ಲಿ ಫಿರಂಗಿಯ ಲೋಹವನ್ನು ಮೊಂಡು ಬೈರಿಗೆಯಿಂದ ಕೊರೆಯಿಸಿದಾಗ ಅದನ್ನು ಮುಳುಗಿಸಿಟ್ಟಿದ್ದ ನೀರು ಸುಮಾರು ಎರಡೂವರೆ ಗಂಟೆಯಲ್ಲಿ ಕುದಿಯಿತೆಂದು ವರದಿ ಮಾಡಿದನು. ಉಜ್ಜುತ್ತಿರುವಷ್ಟು ಕಾಲವೂ ಬಿಸಿ ಹುಟ್ಟುತ್ತಲೇ ಇರುತ್ತದೆ, ಆದರೆ ಉಜ್ಜಿ ತಂಪನ್ನು ಹುಟ್ಟಿಸಲು ಯಾರಿಂದಲೂ ಆಗದು. ತಂಪಿಗೆ ತಳವೊಂದಿದೆ, ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲು ಜಾಗವಿಲ್ಲ. ಬಿಸಿಗೆ ಅಂಥ ಸಮೀಪದ ಮೇಲ್ಛಾವಣಿಯಿಲ್ಲ. ಕೊಡದಲ್ಲಿರುವ ನೀರು ಬತ್ತುತ್ತ ಹೋದರೆ ಎಲ್ಲೋ ಒಂದು ಕಡೆ ಕೊಡದ ತಳ ಕಾಣಲೇಬೇಕಾದಂತೆ, ಕಡಿಮೆಯಾಗುತ್ತ ಹೋಗುವುದಕ್ಕೆ ಮಾತ್ರ ಇಂಥ ಕೊನೆಯಿರುತ್ತದೆ. ಆದರೂ ನೈಯಾಯಿಕರ ಮಾತು ಪೂರ್ತಿ ಸೋತಿಲ್ಲವೆಂಬುದು ಗಮನಿಸಬೇಕಾದ ವಿಷಯ. ಮೆಣಸಿನಕಾಯಿಯ ಖಾರಕ್ಕೂ ಸುಡುವ ಬಿಸಿಗೂ ಸ್ಪಂದಿಸುವ ನರಗ್ರಾಹಕವು 1997ರಲ್ಲಿಯೂ, ಪುದೀನದ ಸತ್ತ್ವಕ್ಕೂ ತಂಪಿಗೂ ಸ್ಪಂದಿಸುವ ಬೇರೊಂದು ಗ್ರಾಹಕವು 2002ರಲ್ಲಿಯೂ ಬೆಳಕಿಗೆ ಬಂದವು. ಈ ಕ್ಷೇತ್ರದ ಶೋಧಗಳಿಗಾಗಿ 2021ರ ನೊಬೆಲ್ ಪುರಸ್ಕಾರವೂ ಸಂದಿತು. ಎಂದರೆ, ಹೊರಗಿನ ಜಗತ್ತಿನಲ್ಲಿ ಶೀತವು ಅಭಾವವಾಗಿದ್ದರೂ ದೇಹವು ಅದನ್ನು ಗ್ರಹಿಸಲು ಪ್ರತ್ಯೇಕ ಬಾಗಿಲನ್ನೇ ಇಟ್ಟುಕೊಂಡಿದೆ. ಸ್ಪರ್ಶವನ್ನು ಚರ್ಮಕ್ಕೆ ಗೋಚರವಾಗುವ ಗುಣವೆಂದು ಲಕ್ಷಣ ಹೇಳಿದ ಶಾಸ್ತ್ರವು, ಆ ಲಕ್ಷಣದ ಎಲ್ಲೆಯೊಳಗೆ, ಸರಿಯಾಗಿಯೇ ಹೇಳಿತ್ತು.

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಶೀತೋಷ್ಣಗಳ ಪಕ್ಕದಲ್ಲಿಯೇ ಸುಖದುಃಖಗಳ ಮಾತೂ ಬರುತ್ತದೆ. ಅದರ ಭಾಷ್ಯದಲ್ಲಿ ಶಂಕರಾಚಾರ್ಯರು ಇವೆರಡನ್ನು ಬೇರೆ ಬೇರೆಯಾಗಿ ಹೆಸರಿಸಿದ್ದಕ್ಕೆ ಕೊಡುವ ಕಾರಣ ಈ ಸಂದರ್ಭಕ್ಕೆ ಬಹಳ ಒಪ್ಪುವಂಥದ್ದು: ತಂಪು ಒಮ್ಮೆ ಸುಖ ಕೊಡುತ್ತದೆ, ಒಮ್ಮೆ ದುಃಖ ಕೊಡುತ್ತದೆ, ಬಿಸಿಯೂ ಹಾಗೆಯೇ, ಆದ್ದರಿಂದ ಅವುಗಳ ಸ್ವರೂಪ ನಿಯತವಲ್ಲ; ಸುಖದುಃಖಗಳ ಸ್ವರೂಪವಾದರೋ ನಿಯತವಾದದ್ದು. ಹುಳಿಯನ್ನ ಆರಿದ ಮೇಲೆಯೂ ಹಿತ, ಆರಿದ ಮುದ್ದೆ ಅಹಿತ. ಮಜ್ಜಿಗೆ ತಣ್ಣಗಿದ್ದರೆ ಹಿತ, ಸಾರು ತಣ್ಣಗಾದರೆ ಅಹಿತ. ಶೀತೋಷ್ಣಗಳಿಗೆ ಮೌಲ್ಯವನ್ನು ಕೊಡುವುದು ಉಣ್ಣುವವನ ಅಪೇಕ್ಷೆ. ಅನ್ನ ಆರದಿರಲೆಂದು ಪಾತ್ರೆಯ ಸುತ್ತ ಹೊದಿಸಿದ ಹುಲ್ಲಿಗೆ ಆ ಅಪೇಕ್ಷೆ ತಿಳಿಯದು.

ಈಗ ಶಕ್ತಿಯ ಪ್ರಶ್ನೆಗೆ ಬರಬಹುದು, ಏಕೆಂದರೆ ವಿಚಾರದ ತಿರುಳಿರುವುದು ಅಲ್ಲಿಯೇ. ವಸ್ತುಗಳಲ್ಲಿ ಕಣ್ಣಿಗೆ ಕಾಣದ ಶಕ್ತಿಯೆಂಬ ಪ್ರತ್ಯೇಕ ಪದಾರ್ಥವಿದೆಯೆಂದು ಮೀಮಾಂಸಕರು, ಮುಖ್ಯವಾಗಿ ಪ್ರಭಾಕರನ ಅನುಯಾಯಿಗಳು, ವಾದಿಸಿದರು. ಅವರ ಪ್ರಸಿದ್ಧ ದೃಷ್ಟಾಂತ ಬೆಂಕಿ ಮತ್ತು ಮಣಿಯದು. ಒಂದು ಬಗೆಯ ಮಣಿ ಹತ್ತಿರವಿದ್ದಾಗ ಬೆಂಕಿ ಸುಡುವುದಿಲ್ಲ, ತೆಗೆದೊಡನೆ ಸುಡುತ್ತದೆ ಎಂಬುದು ಅಂದು ಎರಡೂ ಪಕ್ಷಗಳು ಒಪ್ಪಿಕೊಂಡಿದ್ದ ನಂಬಿಕೆ. ಬೆಂಕಿಯ ರೂಪ ಎರಡೂ ಸಂದರ್ಭಗಳಲ್ಲಿ ಒಂದೇ ಆಗಿರುವುದರಿಂದ, ಮಣಿಯು ನಾಶಮಾಡುವುದು ಬೆಂಕಿಯ ದಹನಶಕ್ತಿಯನ್ನು ಎಂದು ಮೀಮಾಂಸಕರು ಹೇಳಿದರು. ನೈಯಾಯಿಕನಾದ ಉದಯನನೂ, ಆ ಬಳಿಕ ಹದಿನಾಲ್ಕನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶನೂ ಇದನ್ನು ಒಪ್ಪಲಿಲ್ಲ. ಮಣಿಯು ಪ್ರತಿಬಂಧಕ, ಅಂದರೆ ತಡೆ. ಕಾರ್ಯ ಹುಟ್ಟಬೇಕಾದರೆ ಬೇಕಾದ ಕಾರಣಗಳ ಸಮೂಹದಲ್ಲಿ ತಡೆಯ ಅಭಾವವನ್ನೂ ಒಂದು ಕಾರಣವಾಗಿ ಎಣಿಸಿದರೆ ಸಾಕು, ಕಾಣದ ಶಕ್ತಿಯನ್ನು ಕಲ್ಪಿಸಬೇಕಾಗಿಲ್ಲ ಎಂಬುದು ಅವರ ಉತ್ತರ. ತಡೆಯಿದ್ದರೂ ಅದನ್ನು ಮೀರಿ ಕಾರ್ಯ ನಡೆಯುವಂತೆ ಮಾಡುವ ಇನ್ನೊಂದು ವಸ್ತುವನ್ನೂ ಅವರು ಗುರುತಿಸಿ ಉತ್ತೇಜಕವೆಂದು ಹೆಸರಿಟ್ಟರು.

ಮಣಿಯ ದೃಷ್ಟಾಂತ ಇಂದು ಯಾರಿಗೂ ಒಪ್ಪಿಗೆಯಾಗದು. ಆದರೆ ಮಣಿಯ ಜಾಗದಲ್ಲಿ ಹುಲ್ಲನ್ನು ಇಟ್ಟು ನೋಡಿದರೆ ವಾದವು ಜೀವ ಪಡೆಯುತ್ತದೆ. ಸುತ್ತಲಿನ ಸೆಖೆ ಹಿಮದ ಕಡೆಗೆ ಹರಿಯಬೇಕಾದದ್ದು ಸಹಜ. ಹುಲ್ಲು ನಡುವೆ ನಿಲ್ಲುತ್ತದೆ. ಬೆಂದ ಅನ್ನದ ಬಿಸಿ ಹೊರಗೆ ಹರಿಯಬೇಕಾದದ್ದೂ ಸಹಜ. ಅಲ್ಲಿಯೂ ಹುಲ್ಲು ನಡುವೆ ನಿಲ್ಲುತ್ತದೆ. ಹರಿವಿನ ದಿಕ್ಕು ಬದಲಾಗಿದೆ, ತಡೆಯ ಕೆಲಸ ಬದಲಾಗಿಲ್ಲ. ಆ ತಡೆಯ ಬಹುಪಾಲು ಹುಲ್ಲಿನದೂ ಅಲ್ಲ, ಅದರ ಸಂದುಗಳಲ್ಲಿ ಅಲುಗಾಡದೆ ಸಿಕ್ಕಿಕೊಂಡ ಗಾಳಿಯದು ಎಂಬುದನ್ನು ರಮ್‌ಫರ್ಡನೇ 1792ರಲ್ಲಿ ಉಣ್ಣೆ, ತುಪ್ಪಳ, ಗರಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಸೂಚಿಸಿದ್ದನು. ನಿಶ್ಚಲವಾದ ಗಾಳಿಗಿಂತ ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು, ತಾಮ್ರವು ಸುಮಾರು 15,000 ಪಟ್ಟು ಬೇಗನೆ ಬಿಸಿಯನ್ನು ಸಾಗಿಸುತ್ತದೆ. ಹುಲ್ಲು ನೆನೆದರೆ ಅದರ ಸಂದುಗಳಿಂದ ಗಾಳಿ ಹೊರಟುಹೋಗಿ ನೀರು ತುಂಬಿಕೊಳ್ಳುತ್ತದೆ. ಆಗ ಹುಲ್ಲು ಹುಲ್ಲಾಗಿಯೇ ಇದ್ದರೂ ತಡೆ ಮುರಿದುಬೀಳುತ್ತದೆ. ಹೊಟ್ಟು ಒಣಗಿರಬೇಕೆಂದು ಮಂಜುಗಡ್ಡೆಯ ವ್ಯಾಪಾರಿಗಳು ಎಚ್ಚರ ವಹಿಸುವುದು ಇದರಿಂದಲೇ, ಮತ್ತು ಶಾಸ್ತ್ರದ ಉತ್ತೇಜಕವೆಂಬ ಪರಿಭಾಷೆಗೆ ಒದ್ದೆಯಾದ ಹುಲ್ಲಿಗಿಂತ ನಂಬಲರ್ಹವಾದ ಉದಾಹರಣೆ ಸಿಗುವುದು ಕಷ್ಟ.

ಒಂದು ಕೊರತೆಯನ್ನು ಮಾತ್ರ ಒಪ್ಪಿಕೊಳ್ಳಬೇಕು. ನೈಯಾಯಿಕರ ಪ್ರತಿಬಂಧಕವು ಕಾರ್ಯವನ್ನು ಪೂರ್ತಿಯಾಗಿ ನಿಲ್ಲಿಸುತ್ತದೆ. ಮಣಿಯಿದ್ದರೆ ಬೆಂಕಿ ಸುಡುವುದೇ ಇಲ್ಲ. ಹುಲ್ಲು ಹಾಗೆ ನಿಲ್ಲಿಸುವುದಿಲ್ಲ, ತಡಮಾಡುತ್ತದೆ. 1833ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ಬಂದರಿನಿಂದ ಸುಮಾರು 180 ಟನ್ ಮಂಜುಗಡ್ಡೆಯನ್ನು ಹೊತ್ತು ಹೊರಟ 'ಟಸ್ಕನಿ' ಎಂಬ ಹಡಗು ಸೆಪ್ಟೆಂಬರಿನಲ್ಲಿ ಕಲ್ಕತ್ತೆ ಸೇರಿದಾಗ ಅದರಲ್ಲಿ ಸುಮಾರು 100 ಟನ್ ಉಳಿದಿತ್ತು. ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟಿದ ನಾಲ್ಕು ತಿಂಗಳ ಆ ಪ್ರಯಾಣದಲ್ಲಿ ಕರಗುವಿಕೆ ಒಂದು ದಿನವೂ ನಿಂತಿರಲಿಲ್ಲ. ತಡೆಯೆಂದರೆ ಇಲ್ಲವಾಗಿಸುವುದೆಂದು ಭಾವಿಸಿದ ತರ್ಕಕ್ಕೆ, ಕಾಲದ ಅಳತೆಯಲ್ಲಿ ಹೆಚ್ಚುಕಡಿಮೆಯಾಗುವ ತಡೆಯನ್ನು ವಿವರಿಸುವ ಸಾಧನ ಇರಲಿಲ್ಲ. ಆದರೆ ಅಡುಗೆಮನೆಗೆ ಬೇಕಾದದ್ದು ಅಂಥ ತಡೆಯೇ. ಹೊಲಕ್ಕೆ ಹೋದವರು ಮನೆಗೆ ಬರುವಷ್ಟು ಹೊತ್ತು ಅನ್ನ ಆರದಿದ್ದರೆ ಸಾಕು.

1892ರಲ್ಲಿ ವಿಜ್ಞಾನಿ ಜೇಮ್ಸ್ ಡ್ಯೂವರ್ ಲಂಡನ್ನಿನಲ್ಲಿ ದ್ರವೀಕರಿಸಿದ ಅನಿಲಗಳನ್ನು ಕಾಪಾಡಲೆಂದು ರೂಪಿಸಿದ, ಮುಂದೆ ಕಾಫಿ ತುಂಬಿಡುವ ಥರ್ಮಾಸ್ ಆಗಿ ಮನೆಮನೆಗೆ ಬಂದ ಪಾತ್ರೆಯು ಈ ವಿಚಾರವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಅದರ ಎರಡು ಗಾಜಿನ ಗೋಡೆಗಳ ನಡುವೆ ಗಾಳಿಯೂ ಇಲ್ಲ. ಹುಲ್ಲಿನ ಗುಟ್ಟು ಗಾಳಿಯಾಗಿದ್ದರೆ, ಇದರ ಗುಟ್ಟು ಗಾಳಿಯನ್ನೂ ತೆಗೆದುಹಾಕಿದ ಬರಿದು. ತಡೆಯ ಅಭಾವವನ್ನು ಕಾರಣವೆಂದು ಒಪ್ಪಿದ ಶಾಸ್ತ್ರದ ಮುಂದೆ, ಅಭಾವವೇ ತಡೆಯಾಗಿ ನಿಂತ ವಸ್ತುವೊಂದು ಬಂದು ಕುಳಿತಂತಾಗಿದೆ. ಅಭಾವವನ್ನು ಏಳನೆಯ ಪದಾರ್ಥವಾಗಿ ಎಣಿಸಿದ ವೈಶೇಷಿಕರಿಗೆ ಇದು ಗೊಂದಲ ಉಂಟುಮಾಡಬೇಕಾಗಿಲ್ಲ; ಏನೂ ಇಲ್ಲದಿರುವುದಕ್ಕೂ ಕಾರ್ಯದಲ್ಲಿ ಪಾಲಿದೆಯೆಂಬ ಅವರ ನಿಲುವನ್ನು, ಬರಿ ಮಾತಿನ ಕಸರತ್ತೆಂದು ಹಲವರು ಬಗೆದದ್ದನ್ನು, ಈ ಪಾತ್ರೆ ಗಟ್ಟಿಮಾಡುತ್ತದೆ. ಆದರೆ ಬರಿದೂ ಎಲ್ಲವನ್ನೂ ತಡೆಯಲಾರದು. ಸೂರ್ಯನ ಕಾವು ಶೂನ್ಯವನ್ನು ದಾಟಿಯೇ ಭೂಮಿಗೆ ಬರುವಂತೆ, ಕಾಫಿಯ ಬಿಸಿಯೂ ವಿಕಿರಣದ ರೂಪದಲ್ಲಿ ಆ ಸಂದನ್ನು ದಾಟಬಲ್ಲದು. ಅದನ್ನು ಹಿಂದಕ್ಕೆ ಕಳಿಸಲು ಗಾಜಿನ ಒಳಮೈಗೆ ಬೆಳ್ಳಿಯ ತೆಳುಲೇಪ ಬೇಕಾಯಿತು.

ಆಗಸ್ಟೀನನ ಹುಲ್ಲಿಗೆ ಈಗ ಉತ್ತರ ಸಿಕ್ಕಿತೆಂದು ಹೇಳಬಹುದೆ? ಹಿಮದ ಪಾಲಿಗೆ ಸಿಕ್ಕಿದೆ. ಹಣ್ಣಿನ ಪಾಲಿನ ಉತ್ತರ ಇನ್ನೂ ಸ್ವಲ್ಪ ಆಳದಲ್ಲಿದೆ. ಕೊಯ್ದ ಮೇಲೆಯೂ ಮಾವಿನಕಾಯಿ ಉಸಿರಾಡುತ್ತಿರುತ್ತದೆ, ಆ ಉಸಿರಾಟದಿಂದ ತಾನೇ ಕೊಂಚ ಕಾವನ್ನು ಹುಟ್ಟಿಸುತ್ತದೆ, ಎಥಿಲೀನ್ ಎಂಬ ಅನಿಲವನ್ನೂ ಹೊರಬಿಡುತ್ತದೆ. ಒಂದು ಕಾಯಿ ಬಿಟ್ಟ ಆ ಅನಿಲವೇ ಪಕ್ಕದ ಕಾಯಿಯನ್ನು ಹಣ್ಣಾಗಲು ಪ್ರೇರಿಸುತ್ತದೆ. ಬಯಲಿನಲ್ಲಿಟ್ಟರೆ ಕಾವೂ ಅನಿಲವೂ ಗಾಳಿಯಲ್ಲಿ ಚದುರಿಹೋಗುತ್ತವೆ, ಅಡೆಯಲ್ಲಿಟ್ಟರೆ ಕಾಯಿಗಳ ನಡುವೆಯೇ ನಿಲ್ಲುತ್ತವೆ. ಹಣ್ಣು ಮಾಡುವ ಶಕ್ತಿ ಇದ್ದದ್ದು ಹಣ್ಣಿನಲ್ಲಿ. ಹಿಮಕ್ಕೆ ಮಾಡಿದ್ದನ್ನೇ ಹುಲ್ಲು ಇಲ್ಲಿಯೂ ಮಾಡಿತು. ನಾಲ್ಕೈದು ದಿನ ಕಳೆದ ಮೇಲೆ ಅಡೆಯ ಒಂದು ಮೂಲೆಯ ಹುಲ್ಲನ್ನು ಸರಿಸಿದರೆ ಮೊದಲು ಕೈಗೆ ತಾಗುವುದು ಒಂದಿಷ್ಟು ಕಾವು, ಮೂಗಿಗೆ ತಾಗುವುದು ಪರಿಮಳ. ಆ ಪರಿಮಳ ಹುಲ್ಲಿನದಲ್ಲವೆಂದು ಕಣಾದನು ಹೇಳಿಯಾಗಿದೆ.